ಅಪಧಮನಿ, ಅಭಿಧಮನಿ: ಎರಡು ಉಪಸರ್ಗಗಳ ಹಿಂದಿನ ಚರಿತ್ರೆ

ಸಾಹಿತ್ಯದ ವಿದ್ಯಾರ್ಥಿ ರಕ್ತನಾಳದ ಬಗ್ಗೆ ಏನು ಹೇಳ್ತಾರೆ ಅಂತ ಅನ್ನಿಸಬಹುದು. ನನ್ನ ಆಸಕ್ತಿ ಪದಗಳದ್ದು. ಕನ್ನಡ ಪಠ್ಯಗಳಲ್ಲಿರುವ ಹೆಸರು ಅಪಧಮನಿ, ಅಭಿಧಮನಿ. ಗಡಿಯಾಚೆ ಮಲಯಾಳ, ತೆಲುಗುಗಳಲ್ಲಿ ಧಮನಿ, ಸಿರ. ತಮಿಳಿನಲ್ಲಿ ತಮನಿ, ಸಿರೈ. ಅವರಿಗೆ ಧಮನಿ ಒಂದೇ ಬಗೆಯ ನಾಳ, ನಮಗೆ ಎರಡೂ ಧಮನಿ. ಕಾಸರಗೋಡಿನಲ್ಲೋ ತಾಳವಾಡಿಯಲ್ಲೋ ಕನ್ನಡದಲ್ಲಿ ಓದುವ ಮಕ್ಕಳ ಕಿವಿಗೆ ಈ ಎರಡು ಕ್ರಮಗಳೂ ಬೀಳುತ್ತವೆ.

ಸುಶ್ರುತ ಸಂಹಿತೆ 700 ಸಿರೆಗಳನ್ನೂ 24 ಧಮನಿಗಳನ್ನೂ ಬೇರೆ ಬೇರೆ ಅಧ್ಯಾಯಗಳಲ್ಲಿ ವಿವರಿಸುತ್ತದೆ. ಇಂದಿನ ವಿಂಗಡಣೆ ಅದಲ್ಲ. ಆದರೆ ಪದದ ಮೂಲ ನೋಡಿ: ‘ಧ್ಮಾ’ ಧಾತುವಿಗೆ ಊದು ಎಂದರ್ಥ. ಗ್ರೀಕರ ‘ಆರ್ಟೀರಿಯಾ’ ಪದವೂ ಮೊದಲು ಶ್ವಾಸನಾಳಕ್ಕೆ ಸಲ್ಲುತ್ತಿತ್ತು. ಕ್ರಿ.ಪೂ. 3ನೇ ಶತಮಾನದ ಎರಾಸಿಸ್ಟ್ರಾಟಸ್, ಈ ನಾಳಗಳಲ್ಲಿ ಹರಿಯುವುದು ಗಾಳಿಯೇ ಎಂದು ನಂಬಿದ್ದ. ಶವದಲ್ಲಿ ಅವು ಬಹುಮಟ್ಟಿಗೆ ಖಾಲಿ ಇರುತ್ತವಲ್ಲ! ಅದಕ್ಕೆ ಕಾರಣ ರಚನೆಯೇ. ಹೃದಯದ ಒತ್ತಡ ತಾಳುವುದಕ್ಕಾಗಿ ಅವುಗಳ ಗೋಡೆ ದಪ್ಪ, ಸ್ಥಿತಿಸ್ಥಾಪಕ; ಹೃದಯ ನಿಂತ ಮೇಲೂ ಸಂಕುಚಿಸಿ ರಕ್ತವನ್ನು ಮುಂದಕ್ಕೆ ತಳ್ಳಿಬಿಡುತ್ತವೆ. ಅವುಗಳಲ್ಲಿ ಇರುವುದು ರಕ್ತವೇ ಎಂದು 2ನೇ ಶತಮಾನದಲ್ಲಿ ಗ್ಯಾಲನ್ ತೋರಿಸಿದ. ಆದರೂ ರಕ್ತ ಯಕೃತ್ತಿನಲ್ಲಿ ಹುಟ್ಟಿ, ಅಂಗಗಳಲ್ಲಿ ಮುಗಿದುಹೋಗುತ್ತದೆ ಎಂದೇ ಅವನ ಎಣಿಕೆ.

ಇನ್ನೊಂದು ನಾಳದ ಗೋಡೆ ತೆಳು, ಒಳಜಾಗ ಅಗಲ. ಅದರೊಳಗಿನ ಕವಾಟಗಳ ಬಗ್ಗೆ ಪಾಡುವಾದ ಫ್ಯಾಬ್ರಿಸಿಯಸ್ 1603ರಲ್ಲಿ ಪುಸ್ತಕ ಪ್ರಕಟಿಸಿದ. ಅವನ ಶಿಷ್ಯ ವಿಲಿಯಂ ಹಾರ್ವೆ ತೋಳಿಗೆ ಪಟ್ಟಿ ಬಿಗಿದು, ಉಬ್ಬಿದ ನಾಳವನ್ನು ಬೆರಳಿನಿಂದ ಒತ್ತಿ ನೋಡಿದ: ರಕ್ತ ಹೃದಯದ ಕಡೆಗೆ ಮಾತ್ರ ಸಾಗುತ್ತದೆ, ಹಿಂದಕ್ಕೆ ಬರುವುದಿಲ್ಲ. 1628ರ ಅವನ ಗ್ರಂಥ ರಕ್ತಪರಿಚಲನೆಯನ್ನು ಸ್ಥಾಪಿಸಿತು. ಎರಡು ನಾಳಗಳ ನಡುವಿನ ಕೊಂಡಿ ಮಾತ್ರ ಅವನ ಕಣ್ಣಿಗೆ ಬೀಳಲಿಲ್ಲ. ಅವನು ತೀರಿಕೊಂಡ ನಾಲ್ಕು ವರ್ಷಕ್ಕೆ, 1661ರಲ್ಲಿ, ಮಾಲ್ಪಿಘಿ ಕಪ್ಪೆಯ ಶ್ವಾಸಕೋಶದಲ್ಲಿ ಲೋಮನಾಳಗಳನ್ನು ಸೂಕ್ಷ್ಮದರ್ಶಕದಿಂದ ಕಂಡ. ಅವುಗಳ ಗೋಡೆ ಒಂದೇ ಜೀವಕೋಶದಷ್ಟು ತೆಳು. ಆಮ್ಲಜನಕ, ಆಹಾರಾಂಶ ದಾಟುವುದು ಅಲ್ಲೇ.

ಈಗ ನಮ್ಮ ಪದಗಳಿಗೆ ಬರೋಣ. ‘ಅಪ’ ಅಂದಕೂಡಲೇ ಅಪಮಾನ, ಅಪಕೀರ್ತಿ ನೆನಪಾಗುತ್ತವೆ. ಹಾಗಾಗಿ ಅಪಧಮನಿಯಲ್ಲಿ ಕೆಟ್ಟ ರಕ್ತ ಇರುತ್ತದೆ ಅಂತ ಮಕ್ಕಳು ತಿಳಿಯುವುದು ಸುಲಭ. ಆದರೆ ಅಪಹರಣದಲ್ಲಿರುವ ‘ಅಪ’ಕ್ಕೆ ದೂರಕ್ಕೆ ಎಂಬ ಅರ್ಥ, ಅಭಿಮುಖದಲ್ಲಿರುವ ‘ಅಭಿ’ಗೆ ಕಡೆಗೆ ಎಂಬ ಅರ್ಥ. ಹೃದಯದಿಂದ ದೂರ ಒಯ್ಯುವುದು ಅಪಧಮನಿ, ಹೃದಯದ ಕಡೆಗೆ ತರುವುದು ಅಭಿಧಮನಿ. ‘ಶುದ್ಧ’, ‘ಅಶುದ್ಧ’ ಎಂಬ ವಿಂಗಡಣೆ ಶ್ವಾಸಕೋಶದ ನಾಳಗಳಲ್ಲಿ ತಲೆಕೆಳಗಾಗುತ್ತದೆ, ಯಾಕಂದ್ರೆ ಅಲ್ಲಿ ಆಮ್ಲಜನಕ ಕಡಿಮೆಯಿರುವ ರಕ್ತವನ್ನು ಒಯ್ಯುವುದು ಅಪಧಮನಿಯೇ. ದಿಕ್ಕಿನ ಲೆಕ್ಕ ಅಲ್ಲೂ ತಪ್ಪುವುದಿಲ್ಲ.

ನೆರೆಯ ಧಮನಿ, ಸಿರ ಪದಗಳು ಹಳೆಯವು, ಹೇಳಲು ಸುಲಭ. ನಮ್ಮ ಜೋಡಿಪದ ತೊಡಕಿನದು, ಆದರೆ ಹಾರ್ವೆ ಕಂಡ ಸತ್ಯ ಅದರೊಳಗೇ ಇದೆ. ಗಡಿನಾಡಿನ ತರಗತಿಯಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕಾಗಿಲ್ಲ. ಉಪಸರ್ಗದ ಅರ್ಥ ಬಿಡಿಸಿ ಹೇಳುವ ಐದು ನಿಮಿಷ ಸಿಕ್ಕರೆ ಸಾಕು.