ಬೋರು ಎಂಬ ಎರಡಕ್ಷರ

ಇಂಗ್ಲಿಷಿನಿಂದ ನಮ್ಮ ಮನೆಯೊಳಗೆ ನುಗ್ಗಿದ ಮಾತುಗಳಲ್ಲಿ ‘ಬೋರು’ ಎಂಬುದರಷ್ಟು ವೇಷ ಹಾಕುವ ಮಾತನ್ನು ನಾನು ಕಾಣೆ. ಹೊಲದಲ್ಲಿ ಅದು ಕೊಳವೆಬಾವಿ. ಲಾರಿ ರಿಪೇರಿಯ ಶೆಡ್ಡಿನಲ್ಲಿ ಎಂಜಿನ್ನಿನ ಸಿಲಿಂಡರು. ಸವೆದರೆ ‘ಬೋರ್ ಮಾಡಿಸಬೇಕು’ ಎನ್ನುತ್ತಾರೆ. ಬಂದೂಕಿನವರಿಗೆ ನಳಿಗೆಯ ಅಳತೆ. ಕಾಲೇಜು ಮಕ್ಕಳ ಬಾಯಲ್ಲಿ ಬೇಸರ. ಇಂಗ್ಲಿಷಿನಲ್ಲಿ ಕೊರೆಯುವ ಅರ್ಥ ಬಲು ಹಳೆಯದು; ಬೇಸರದ ಅರ್ಥ ಬಳಕೆಗೆ ಬಂದದ್ದು 18ನೆಯ ಶತಮಾನದಲ್ಲಿ. ನಮಗೆ ಇದರಲ್ಲಿ ಅಚ್ಚರಿಯೇನಿದೆ? ನಮ್ಮ ‘ಕೊರೆ’ಯೂ ಹಾಗೆಯೇ. ಬಡಗಿ ಬೈರಿಗೆಯಿಂದ ಮರ ಕೊರೆಯುತ್ತಾನೆ, ಭಾಷಣಕಾರ ತಲೆ ಕೊರೆಯುತ್ತಾನೆ, ಮಾಗಿಯ ಚಳಿ ಮೈ ಕೊರೆಯುತ್ತದೆ, ಸಾಲದ ಚಿಂತೆ ಮನಸ್ಸನ್ನು ಕೊರೆಯುತ್ತದೆ.

ನಾನು ಮದುವೆಯಾಗಿ ಬಂದ ಈ ಚಳ್ಳಕೆರೆ, ಪಕ್ಕದ ಮೊಳಕಾಲ್ಮುರು ಸೀಮೆಯಲ್ಲಿ ಕೊರೆತಕ್ಕೆ ಎರಡು ಸಾವಿರ ವರ್ಷಕ್ಕೂ ಮಿಕ್ಕ ಚರಿತ್ರೆಯಿದೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಬಂಡೆಗಳ ಮೇಲೆ ಅಶೋಕ ಚಕ್ರವರ್ತಿ ಕ್ರಿ.ಪೂ. 3ನೆಯ ಶತಮಾನದಲ್ಲಿ ಶಾಸನ ಕೊರೆಸಿದ. ತಂದೆತಾಯಿಯರ ಮಾತು ಕೇಳಬೇಕು, ಪ್ರಾಣಿಗಳಲ್ಲಿ ದಯೆಯಿರಬೇಕು, ಸತ್ಯ ನುಡಿಯಬೇಕು ಎಂಬ ಬುದ್ಧಿಮಾತು ಅದರಲ್ಲಿದೆ. 1892ರಲ್ಲಿ ಬಿ.ಎಲ್. ರೈಸ್ ಅವನ್ನು ಪತ್ತೆಹಚ್ಚಿದರು. ಅಶೋಕನ ಕಾಲ ಅಕ್ಷರಕ್ಕಾಗಿ ಕಲ್ಲು ಕೊರೆಯಿತು. ನಮ್ಮ ಕಾಲ ನೀರಿಗಾಗಿ ಕೊರೆಯಿತು.

ರಾಜ್ಯದಲ್ಲೇ ಅತಿ ಕಡಿಮೆ ಮಳೆ ಬೀಳುವ ಕಡೆಗಳಲ್ಲಿ ಇದೂ ಒಂದು. ಕೆರೆ, ತೆರೆದ ಬಾವಿ, ವೇದಾವತಿಯ ಮರಳಿನ ಒರತೆ ಹಿಂದಿನವರ ಆಸರೆ. 1966–67ರ ಬಿಹಾರದ ಬರದ ಹೊತ್ತಿಗೆ ಯುನಿಸೆಫ್ ಸಂಸ್ಥೆ ಗಟ್ಟಿ ಬಂಡೆ ಕೊರೆಯುವ ಯಂತ್ರಗಳನ್ನು ಭಾರತಕ್ಕೆ ತರಿಸಿತು. ಆಮೇಲೆ ಕೈಪಂಪು ಹಳ್ಳಿಹಳ್ಳಿಗೂ ಬಂತು. 1983ರಲ್ಲಿ ರಾಮಕೃಷ್ಣ ಹೆಗಡೆಯವರ ಸರ್ಕಾರ ಬಂದ ಮೇಲೆ ಗ್ರಾಮೀಣಾಭಿವೃದ್ಧಿ ಸಚಿವರಾದ ಅಬ್ದುಲ್ ನಜೀರ್ ಸಾಬ್ ಊರೂರಿಗೂ ಬೋರು ಕೊರೆಸಿದರು. ಜನ ಅವರ ಹೆಸರನ್ನೇ ತಿದ್ದಿ ‘ನೀರ್ ಸಾಬ್’ ಎಂದು ಕರೆದರು. 1988ರಲ್ಲಿ ಅವರು ತೀರಿಕೊಂಡರು. ಹೆಸರು ಮಾತ್ರ ಕೊಡಪಾನದ ಜೊತೆ ಉಳಿಯಿತು. ಬಾವಿಗಿಳಿದು ಹಗ್ಗ ಜಗ್ಗುತ್ತಿದ್ದ ಹೆಂಗಸರಿಗೆ ಆ ಕೈಪಂಪು ಕಂಡಾಗ ಏನನ್ನಿಸಿರಬೇಕೆಂದು ನೀವೇ ಯೋಚಿಸಿ.

ನೀರಿನ ದಾರಿ ಮಾತ್ರ ಸುಲಭದ್ದಲ್ಲ. ನಮ್ಮ ಕೆಳಗಿರುವುದು ಗಟ್ಟಿ ಬಂಡೆ. ಅದರ ಬಿರುಕುಗಳಲ್ಲಷ್ಟೇ ನೀರು. ಬಿರುಕು ಸಿಕ್ಕರೆ ಎರಡಿಂಚು ನೀರು, ತಪ್ಪಿದರೆ ಬರೀ ಕಲ್ಲುಪುಡಿ. ಲಾರಿ ಬಂದು ನಿಂತಾಗ ಹೆಂಗಸರು ಅರಿಸಿನ ಕುಂಕುಮ ಇಟ್ಟು, ಕಾಯಿ ಒಡೆದು ಗಂಗಮ್ಮನನ್ನು ಬೇಡುತ್ತಾರೆ. ಮೊದಲು 100, 200 ಅಡಿಗೆ ಸಿಗುತ್ತಿದ್ದ ನೀರು ಈಗ 500, 800 ಅಡಿಗೆ ಹೋದರೂ ಕೆಲವೊಮ್ಮೆ ಕೈಕೊಡುತ್ತದೆ. ಒಂದು ಬೋರು ಫೇಲಾದರೆ ಕೊರಳ ಸರ ಗಿರವಿಗೆ. ಎರಡನೆಯದೂ ಹೋದರೆ ಹೊಲದ ಪತ್ರ. ನೀರು ಸಿಕ್ಕ ಕಡೆಯೂ ಆಳದ ಕಲ್ಲಿನ ಫ್ಲೋರೈಡ್ ಸೇರಿ ಮಕ್ಕಳ ಹಲ್ಲು ಕಂದುವುದುಂಟು, ದೊಡ್ಡವರ ಮೂಳೆ ನೋಯುವುದುಂಟು.

ಒಮ್ಮೆ ಬೆಂಗಳೂರಿನಿಂದ ರಜೆಗೆ ಬಂದ ನಾದಿನಿಯ ಮಗ ಜಗುಲಿಯ ಮೇಲೆ ಕೂತು, ‘ತುಂಬಾ ಬೋರು ಅಜ್ಜಿ’ ಎಂದ. ಒಳಗೆ ಕಡಲೆಕಾಯಿ ಬಿಡಿಸುತ್ತಿದ್ದ ನಮ್ಮತ್ತೆ ತಲೆಯೆತ್ತಿ, ‘ಹೌದೇನಪ್ಪಾ? ಎಷ್ಟಡಿಗೆ ಬಿತ್ತು?’ ಎಂದರು. ನಾವು ಬಿದ್ದು ಬಿದ್ದು ನಕ್ಕೆವು. ಅತ್ತೆ ನಗಲಿಲ್ಲ. ಅವರ ಪಾಲಿಗೆ ಅದು ನಗುವ ಮಾತಲ್ಲ.

ಮಾತಿಗೆ ಅರ್ಥ ಕೊಡುವುದು ನಿಘಂಟಲ್ಲ, ಬದುಕು. ನಲ್ಲಿ ತಿರುಗಿಸಿದರೆ ನೀರು ಬರುವ ಮನೆಯಲ್ಲಿ ಬೋರು ಎಂದರೆ ಬೇಸರ. ನಮ್ಮ ಸೀಮೆಯಲ್ಲಿ ಹೆಣ್ಣು ಕೊಡುವವರು ಇಂದಿಗೂ ಹುಡುಗನ ಓದು, ಕೆಲಸ ವಿಚಾರಿಸಿದ ಮೇಲೆ, ಏಳುವ ಮುನ್ನ ಮೆಲ್ಲಗೆ ಒಂದು ಮಾತು ಕೇಳುತ್ತಾರೆ: ‘ಬೋರಿನಾಗೆ ನೀರೈತಾ?’