ಗೋವಾದ ಕನ್ನಡ ಶಾಲೆ ಮಕ್ಕಳ ಸುರಕ್ಷತೆ: ಒಂದು ಹಿನ್ನೋಟ

ಶಾಲೆಯ ಸುರಕ್ಷತೆ ಅಂದ ಕೂಡಲೇ ನಮಗೆಲ್ಲ ನೆನಪಾಗುವುದು ಕಂಪೌಂಡ್ ಗೋಡೆ, ಗೇಟು, ವಾಚ್‌ಮನ್, ಈಚೆಗೆ ಸಿಸಿಟಿವಿ ಕ್ಯಾಮೆರಾ. ಇವೆಲ್ಲ ಬೇಕು, ಬೇಡ ಎನ್ನುವವರು ಯಾರೂ ಇಲ್ಲ. ಆದರೆ ಗೋವಾದಲ್ಲಿ ಮಕ್ಕಳ ವಿಷಯದಲ್ಲಿ ಕಳೆದ ಮೂರು ದಶಕಗಳಲ್ಲಿ ನಡೆದದ್ದನ್ನು ಸಾಲಾಗಿ ಇಟ್ಟು ನೋಡಿದರೆ ಬೇರೊಂದು ಸಂಗತಿ ಕಣ್ಣಿಗೆ ಬೀಳುತ್ತದೆ. ಯಾವುದೋ ಮಗುವಿಗೆ ಪೆಟ್ಟು ಬಿದ್ದ ಮೇಲೆಯೇ ದೊಡ್ಡವರು ಎಚ್ಚೆತ್ತಿದ್ದಾರೆ. ಕಾನೂನು ಬರೆದವರು ಮಗುವಿನ ಮಾತು ಕೇಳುವ ಒಬ್ಬರು ಶಾಲೆಯಲ್ಲಿ ಇರಬೇಕು ಎಂದೂ ಬರೆದಿದ್ದಾರೆ. ಆ ಒಬ್ಬರಿಗೆ ಮಗುವಿನ ಭಾಷೆ ಬರುತ್ತದೆಯೇ ಎಂದು ಕೇಳುವವರು ಮಾತ್ರ ಕಡಿಮೆ.

1961ರ ಡಿಸೆಂಬರ್ 19ರಂದು ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾಯಿತು. ಆಮೇಲೆ ಮುರಗಾಂವ ಬಂದರು, ಅದಿರಿನ ಗಣಿ, ರಸ್ತೆ, ಕಟ್ಟಡ ಎಂದು ಕೆಲಸ ಬೆಳೆದಂತೆ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ, ಹಾವೇರಿ, ಬೆಳಗಾವಿ ಕಡೆಯ ಜನ ಗಂಟು ಕಟ್ಟಿಕೊಂಡು ಇಲ್ಲಿಗೆ ಬಂದರು. ವಾಸ್ಕೋ, ಬಾಯ್ನಾ, ಜುವಾರಿನಗರಗಳಲ್ಲಿ ನೆಲೆ ನಿಂತರು. 2011ರ ಜನಗಣತಿಯ ಪ್ರಕಾರ ಗೋವಾದಲ್ಲಿ ಕನ್ನಡ ಮಾತೃಭಾಷೆಯವರು ಸುಮಾರು 68 ಸಾವಿರ. ಇವರಲ್ಲಿ ಅನೇಕರ ಮನೆಯಲ್ಲಿ ತಂದೆ-ತಾಯಿ ಇಬ್ಬರೂ ನಸುಕಿನಲ್ಲೇ ದುಡಿಯಲು ಹೋಗುತ್ತಾರೆ. ಇಲ್ಲಿಯ ಪ್ರಾಥಮಿಕ ಶಾಲೆಗಳು ಮಧ್ಯಾಹ್ನಕ್ಕೇ ಬಿಡುತ್ತವೆ. ಅಲ್ಲಿಂದ ಅವ್ವ-ಅಪ್ಪ ಮನೆಗೆ ಬರುವವರೆಗೆ ಮಗು ಎಲ್ಲಿರುತ್ತದೆ, ಯಾರ ಜೊತೆ ಇರುತ್ತದೆ? ಸುರಕ್ಷತೆಯ ಪ್ರಶ್ನೆ ಶಾಲೆಯ ಗೇಟಿಗೆ ಮುಗಿಯುವುದಿಲ್ಲ ಎನ್ನುವುದು ಇದಕ್ಕೇ.

ಗೋವಾ ಮೊದಲು ಬೆಚ್ಚಿಬಿದ್ದದ್ದು 1991ರಲ್ಲಿ. ಮಡಗಾಂವ್‌ನಲ್ಲಿ ಗಂಡು ಮಕ್ಕಳಿಗಾಗಿ ಅನಾಥಾಲಯ ನಡೆಸುತ್ತಿದ್ದ ಫ್ರೆಡ್ಡಿ ಪೀಟ್ಸ್ ಎಂಬಾತನ ಬಂಧನವಾಯಿತು. ಊರಿನಲ್ಲಿ ದೊಡ್ಡ ಮನುಷ್ಯ ಎನಿಸಿಕೊಂಡವನ ಬಳಿ ಮಕ್ಕಳ ಮೇಲಿನ ದೌರ್ಜನ್ಯದ ಎರಡು ಸಾವಿರಕ್ಕೂ ಹೆಚ್ಚು ಫೋಟೋಗಳು ಸಿಕ್ಕವು. 1996ರಲ್ಲಿ ಅವನಿಗೆ ಜೀವಾವಧಿ ಶಿಕ್ಷೆಯಾಯಿತು. ಆ ಅನಾಥಾಲಯಕ್ಕೂ ಗೋಡೆ ಇತ್ತು, ಬಾಗಿಲು ಇತ್ತು. ಆದರೆ ಅಪಾಯ ಗೋಡೆಯ ಒಳಗೇ ಇತ್ತು! ಮಕ್ಕಳಿಗೆ ಹೇಳಿಕೊಳ್ಳಲು ಯಾರೂ ಇರಲಿಲ್ಲ.

ಈ ಪ್ರಕರಣ ಹುಟ್ಟಿಸಿದ ಆತಂಕದ ಹಿನ್ನೆಲೆಯಲ್ಲಿ ಬಂದದ್ದೇ ಗೋವಾ ಮಕ್ಕಳ ಕಾಯ್ದೆ, 2003. ದೇಶದಲ್ಲಿ ಮಕ್ಕಳಿಗಾಗಿ ಇಂಥ ಸಮಗ್ರ ಕಾಯ್ದೆ ಮಾಡಿದ ಮೊದಲ ರಾಜ್ಯ ನಮ್ಮ ಈ ಪುಟ್ಟ ಗೋವಾ. ಸಂಬಂಧಿಕರಲ್ಲದವರ ಜೊತೆ ಮಗುವನ್ನು ಹೋಟೆಲ್ ಕೋಣೆಗೆ ಬಿಡಬಾರದು, ಫೋಟೋ ತೊಳೆಯುವವರಿಗೆ ಮಕ್ಕಳ ಅಶ್ಲೀಲ ಚಿತ್ರ ಕಂಡರೆ ಪೊಲೀಸರಿಗೆ ತಿಳಿಸಬೇಕು, ಮಕ್ಕಳಿಗೆಂದೇ ನ್ಯಾಯಾಲಯ ಇರಬೇಕು ಎಂದೆಲ್ಲ ಅದರಲ್ಲಿದೆ. ಶಾಲೆಯಲ್ಲಿ ಹೊಡೆಯುವುದನ್ನು ಅದು ನಿಷೇಧಿಸಿತು. ಒಂದು ಶಾಲೆಗೋ, ಶಾಲೆಗಳ ಒಂದು ಗುಂಪಿಗೋ ತರಬೇತಿ ಪಡೆದ ಸಲಹೆಗಾರರು ಇರಬೇಕೆಂದೂ ಹೇಳಿತು. ಇಪ್ಪತ್ತು ವರ್ಷಗಳ ಹಿಂದೆಯೇ ಮಗುವಿನ ಮನಸ್ಸಿನ ಬಗ್ಗೆ ಇಷ್ಟು ಯೋಚನೆ ಮಾಡಿದ್ದು ಸಣ್ಣ ಮಾತಲ್ಲ.

ಆದರೆ ಮರುವರ್ಷವೇ ಏನಾಯಿತು ನೋಡಿ. ಹೈಕೋರ್ಟಿನ 2003ರ ಆದೇಶದ ಹಿನ್ನೆಲೆಯಲ್ಲಿ 2004ರ ಜೂನ್ 14ರಂದು ಸರ್ಕಾರ ಬಾಯ್ನಾದ ಕೆಂಪು ದೀಪದ ಪ್ರದೇಶವನ್ನು ಕೆಡವಿತು. ಮಳೆಗಾಲ, ಶಾಲೆ ಶುರುವಾಗುವ ತಿಂಗಳು. ಸೂರು ಹೋದ ಮನೆಗಳಲ್ಲಿ ಮಕ್ಕಳೂ ಇದ್ದರು. 2017ರ ಸೆಪ್ಟೆಂಬರಿನಲ್ಲಿ ಅದೇ ಬಾಯ್ನಾ ಕಡಲತೀರದಲ್ಲಿ ಮತ್ತೆ ಐವತ್ತಕ್ಕೂ ಹೆಚ್ಚು ಮನೆಗಳು ಉರುಳಿದವು. ಅವುಗಳಲ್ಲಿ ಬಹಳಷ್ಟು ನಮ್ಮ ಕನ್ನಡಿಗರವು. ಜಾಗ ಅಧಿಕೃತವೋ ಅನಧಿಕೃತವೋ ಎಂಬ ವಾದ ಇರಲಿ. ಕಣ್ಣೆದುರಿಗೆ ಮನೆ ಬಿದ್ದದ್ದನ್ನು ನೋಡಿದ ಮಗು ಮರುದಿನ ಪಾಟಿಚೀಲ ಎಲ್ಲಿದೆ ಎಂದು ಹುಡುಕುತ್ತದೆ. ಅದರ ಮನಸ್ಸಿನಲ್ಲಿ ಏನು ನಡೆದಿದೆ ಎಂದು ಕೇಳುವುದು ಯಾವ ಇಲಾಖೆಯ ಕೆಲಸ?

2012ರ ನವೆಂಬರ್ 14ರಿಂದ ದೇಶಕ್ಕೆಲ್ಲ ಪೋಕ್ಸೋ ಕಾಯ್ದೆ ಜಾರಿಗೆ ಬಂತು. ಸರಿಯಾಗಿ ಎರಡು ತಿಂಗಳಿಗೆ, 2013ರ ಜನವರಿ 14ರಂದು, ವಾಸ್ಕೋದ ಒಂದು ಶಾಲೆಯ ಶೌಚಾಲಯದಲ್ಲಿ ಏಳು ವರ್ಷದ ಬಾಲಕಿಯ ಮೇಲೆ ಅತ್ಯಾಚಾರ ನಡೆಯಿತು. ಜನ ಬೀದಿಗಿಳಿದರು. ಎಲ್ಲಿ ನೋಡಿದರೂ ಗೇಟು, ಕಾವಲುಗಾರ, ಕ್ಯಾಮೆರಾಗಳದೇ ಮಾತು. ಆ ಮಾತು ತಪ್ಪಲ್ಲ. ಆದರೆ ಪೋಕ್ಸೋ ಕಾಯ್ದೆಯಲ್ಲಿ ನಮಗೆ ಬಹಳ ಮುಖ್ಯವಾದ ಎರಡು ಅಂಶಗಳಿವೆ, ಪಾಲಕರೂ ಶಿಕ್ಷಕರೂ ಗಮನಿಸಬೇಕು. ಒಂದು, ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ತಿಳಿದೂ ಪೊಲೀಸರಿಗೆ ತಿಳಿಸದಿರುವುದೇ ಅಪರಾಧ, ಆರು ತಿಂಗಳವರೆಗೆ ಜೈಲಾಗಬಹುದು. ಎರಡು, ಮಗುವಿಗೆ ಅರ್ಥವಾಗದ ಭಾಷೆಯಲ್ಲಿ ಹೇಳಿಕೆ ಬರೆದುಕೊಳ್ಳುವುದಾದರೆ ಭಾಷಾಂತರ ಮಾಡುವವರನ್ನು ಒದಗಿಸಲೇಬೇಕು. ಕೊಂಕಣಿ, ಮರಾಠಿ, ಹಿಂದಿಗಳ ನಡುವೆ ಬದುಕುವ ನಮ್ಮ ಮಕ್ಕಳ ಪಾಲಿಗೆ ಇದು ದೊಡ್ಡ ಹಕ್ಕು. ಅಂಗಡಿಗೆ ಹೋಗಿ ಸಾಮಾನು ತರುವಷ್ಟು ಕೊಂಕಣಿ ಬಂದ ಮಾತ್ರಕ್ಕೆ ಮೈಮೇಲೆ ಆದದ್ದನ್ನು ಆ ಭಾಷೆಯಲ್ಲಿ ಹೇಳಲು ಬರುವುದಿಲ್ಲ. ನೋವು ಬಾಯಿಗೆ ಬರುವುದು ಅವ್ವನ ಮಾತಿನಲ್ಲಿ.

ಹಾಗಾದರೆ ಕನ್ನಡ ಬಲ್ಲ ಶಿಕ್ಷಕರೇ ಆ ಕೆಲಸ ಮಾಡಿದರಾಯಿತಲ್ಲ ಎಂದು ನೀವು ಕೇಳಬಹುದು. ಇದಕ್ಕೆ ಉತ್ತರ ದೂರದ ಬಿಹಾರದಿಂದ ಬಂದಿದೆ, ಆದರೆ ಅದರ ಬೇರು ಇಲ್ಲಿಯೇ ಇದೆ. 1996ರಲ್ಲಿ ಗೋವಾದಲ್ಲಿ ಹುಟ್ಟಿದ ಸಂಗಾತ್ ಎಂಬ ಸಂಸ್ಥೆ ಬಿಹಾರದ ನಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ ಒಂದು ಪ್ರಯೋಗ ನಡೆಸಿತು. ಕೆಲವು ಶಾಲೆಗಳಲ್ಲಿ ಶಿಕ್ಷಕರಿಗೇ ತರಬೇತಿ ಕೊಟ್ಟು ಮಕ್ಕಳ ಮಾನಸಿಕ ಆರೋಗ್ಯದ ಕೆಲಸ ವಹಿಸಿದರು. ಇನ್ನು ಕೆಲವು ಶಾಲೆಗಳಿಗೆ ಸಲಹೆಗಾರರನ್ನು ಹಾಕಿದರು. ಇವರು ಡಾಕ್ಟರಲ್ಲ, ಮನೋವಿಜ್ಞಾನಿಯಲ್ಲ, ತರಬೇತಿ ಪಡೆದ ಸಾಮಾನ್ಯ ಜನ. 2018ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂತು. ಸಲಹೆಗಾರರಿದ್ದ ಶಾಲೆಗಳಲ್ಲಿ ವಾತಾವರಣ ಸುಧಾರಿಸಿತ್ತು, ಮಕ್ಕಳ ಖಿನ್ನತೆ, ಒಬ್ಬರನ್ನೊಬ್ಬರು ಪೀಡಿಸುವುದು ಕಡಿಮೆಯಾಗಿತ್ತು. ಶಿಕ್ಷಕರಿಗೆ ವಹಿಸಿದ ಶಾಲೆಗಳಲ್ಲಿ ಹೇಳಿಕೊಳ್ಳುವಂಥ ಪ್ರಯೋಜನ ಕಾಣಲಿಲ್ಲ.

ಶಿಕ್ಷಕರಾದ ನಮಗೆ ಇದನ್ನು ಓದಲು ಕಹಿ ಎನಿಸಬಹುದು. ಆದರೆ ಯೋಚಿಸಿದರೆ ನಿಜ ಅನಿಸುತ್ತದೆ. ಅಂಕ ಹಾಕುವವರೂ ನಾವೇ, ಹಾಜರಿ ಕೇಳುವವರೂ ನಾವೇ, ಗದರಿಸುವವರೂ ನಾವೇ. ಟಿ.ಸಿ.ಎಚ್.ನಲ್ಲಿ ಓದಿದ ಒಂದು ಮನೋವಿಜ್ಞಾನದ ಪಾಠದಿಂದ ಯಾರೂ ಸಲಹೆಗಾರರಾಗುವುದಿಲ್ಲ. ಮಗುವಿನಲ್ಲಿ ಆದ ಬದಲಾವಣೆಯನ್ನು ಮೊದಲು ನೋಡುವವರು ನಾವು. ದಿನಾ ಹೊಟ್ಟೆನೋವು ಎನ್ನುವುದು, ಮಾತಾಡುತ್ತಿದ್ದ ಮಗು ಮೂಕಾಗುವುದು, ಜಾತ್ರೆಗೆಂದು ಊರಿಗೆ ಹೋದ ಮಗು ತಿಂಗಳಾದರೂ ಬಾರದಿರುವುದು, ಇದನ್ನೆಲ್ಲ ಗುರುತಿಸುವುದು ನಮ್ಮ ಕೆಲಸ. ಆಮೇಲಿನ ಕೆಲಸಕ್ಕೆ ಬೇರೊಬ್ಬರು ಬೇಕು, ಅವರಿಗೆ ಕನ್ನಡ ಬರಬೇಕು.

2025ರ ಜುಲೈ 25ರಂದು ಸುಪ್ರೀಂ ಕೋರ್ಟು ವಿದ್ಯಾರ್ಥಿಗಳ ಮಾನಸಿಕ ಆರೋಗ್ಯದ ಬಗ್ಗೆ ಮಾರ್ಗಸೂಚಿ ಕೊಟ್ಟಿದೆ. 100 ಮತ್ತು ಅದಕ್ಕಿಂತ ಹೆಚ್ಚು ಮಕ್ಕಳಿರುವ ಶಿಕ್ಷಣ ಸಂಸ್ಥೆಗಳಲ್ಲಿ ಒಬ್ಬರಾದರೂ ಅರ್ಹ ಸಲಹೆಗಾರರು ಇರಬೇಕು. ಅದಕ್ಕಿಂತ ಚಿಕ್ಕ ಸಂಸ್ಥೆಗಳು ಹೊರಗಿನ ತಜ್ಞರ ಜೊತೆ ಸಂಪರ್ಕ ಇಟ್ಟುಕೊಳ್ಳಬೇಕು. ಮಕ್ಕಳ ಸಂಖ್ಯೆ ಕಡಿಮೆಯಿರುವ ಕನ್ನಡ ಶಾಲೆಗಳಿಗೆ ಎರಡನೆಯ ಮಾತೇ ಅನ್ವಯ. ಸಣ್ಣ ಶಾಲೆ ಎಂದು ಕೈಬಿಡುವಂತಿಲ್ಲ.

ಆದ್ದರಿಂದ ಕನ್ನಡ ಸಂಘಗಳ ಹಿರಿಯರಲ್ಲಿ, ಶಾಲಾ ನಿರ್ವಹಣಾ ಸಮಿತಿಯ ಪಾಲಕರಲ್ಲಿ ನನ್ನದೊಂದು ವಿನಂತಿ. ರಾಜ್ಯೋತ್ಸವಕ್ಕೆ ನಾವು ಶಾಮಿಯಾನ ಹಾಕಿಸುತ್ತೇವೆ, ಸನ್ಮಾನ ಮಾಡುತ್ತೇವೆ, ಸಂತೋಷ. ಅದರ ಜೊತೆಗೆ, ಹತ್ತಿರ ಹತ್ತಿರದ ಕನ್ನಡ ಶಾಲೆಗಳ ಗುಂಪಿಗೆ ಕನ್ನಡ ಬಲ್ಲ ಒಬ್ಬ ಸಲಹೆಗಾರರನ್ನು ಕೊಡಿ ಎಂದು ಶಿಕ್ಷಣ ಇಲಾಖೆಗೆ ಅರ್ಜಿ ಕೊಡೋಣ. 2003ರ ಕಾಯ್ದೆಯಲ್ಲೇ ಇದಕ್ಕೆ ದಾರಿ ಇದೆ. ನಮ್ಮ ಬಡಾವಣೆಗಳಲ್ಲೇ ಪಿಯುಸಿ, ಡಿಗ್ರಿ ಮುಗಿಸಿದ ಹೆಣ್ಣುಮಕ್ಕಳಿದ್ದಾರೆ. ಈ ಕೆಲಸಕ್ಕೆ ಬೇಕಾದ ಓದು, ತರಬೇತಿಗೆ ಅವರನ್ನು ಕಳಿಸಲು ಸಂಘಗಳು ಕೈಜೋಡಿಸಲಿ. ಅಲ್ಲಿಯವರೆಗೆ ಪ್ರತಿ ತರಗತಿಯ ಗೋಡೆಯ ಮೇಲೆ ಎರಡು ನಂಬರು ಕನ್ನಡದಲ್ಲಿ ಬರೆಸೋಣ. ಮಕ್ಕಳ ಸಹಾಯವಾಣಿ 1098. ಮನಸ್ಸಿನ ತೊಂದರೆಗೆ ಟೆಲಿ-ಮಾನಸ್ 14416. ಎರಡೂ ಉಚಿತ, ಹಗಲೂ ರಾತ್ರಿ ಇರುತ್ತವೆ. 2022ರಲ್ಲಿ ಶುರುವಾದ ಟೆಲಿ-ಮಾನಸ್‌ನಲ್ಲಿ ಕನ್ನಡ ಆಯ್ದುಕೊಂಡು ಮಾತಾಡಬಹುದು.

ಕೊನೆಯದಾಗಿ ಅವ್ವಂದಿರಿಗೆ, ಅಪ್ಪಂದಿರಿಗೆ ಒಂದು ಮಾತು. ಮಗು ಏನಾದರೂ ಹೇಳಲು ಬಂದಾಗ "ಸುಮ್ನಿರು, ಮಂದಿಗೆ ಗೊತ್ತಾದ್ರ ಮರ್ಯಾದಿ ಹೋಗ್ತದ" ಎನ್ನಬೇಡಿ. ದುಡಿದು ದಣಿದು ಬಂದಿರುತ್ತೀರಿ, ಗೊತ್ತು. ಆದರೂ ಹತ್ತು ನಿಮಿಷ ಪಕ್ಕದಲ್ಲಿ ಕೂರಿಸಿಕೊಂಡು "ಇವತ್ತು ಏನಾತು?" ಎಂದು ಕೇಳಿ, ಹೇಳಿದ್ದನ್ನು ನಂಬಿ. ಮಡಗಾಂವ್‌ನ ಆ ಮಕ್ಕಳಿಗೆ ಹೀಗೆ ಕೇಳುವವರು ಇರಲಿಲ್ಲ. ನಮ್ಮ ಮಕ್ಕಳಿಗೆ ಇರಲಿ.