ಲಕ್ಷ ಪೌಂಡಿನ ಸಹಿ

1977ರ ಜನವರಿ 25ರಂದು ಲಂಡನ್ನಿನ ದ ಕ್ಲ್ಯಾಶ್ ತಂಡ ಸಿಬಿಎಸ್ ರೆಕಾರ್ಡ್ಸ್ ಕಂಪನಿಯೊಡನೆ ಕರಾರು ಮಾಡಿಕೊಂಡಿತು. ಮುಂಗಡ 1 ಲಕ್ಷ ಪೌಂಡು. ಜೋ ಸ್ಟ್ರಮ್ಮರ್, ಮಿಕ್ ಜೋನ್ಸ್, ಪಾಲ್ ಸಿಮೊನನ್ ಇದ್ದ ಈ ತಂಡ ಮೊದಲ ಸಲ ವೇದಿಕೆ ಹತ್ತಿ ಆಗಿನ್ನೂ ಏಳು ತಿಂಗಳು ತುಂಬಿರಲಿಲ್ಲ. ಕ್ಲ್ಯಾಶ್ ಸಹಿ ಹಾಕಿದ ದಿನವೇ ಪಂಕ್ ಸತ್ತಿತು ಎಂದ ಮಾರ್ಕ್ ಪೆರ್ರಿ. ಪಂಕ್ ಸಂಗೀತದ ಚರಿತ್ರೆ ಹೇಳುವವರು ಈ ಮಾತನ್ನು ಬಿಡದೆ ಎತ್ತಿಕೊಳ್ಳುತ್ತಾರೆ. ಆಡಿದವನು ಆಮೇಲೆ ಏನು ಮಾಡಿದ ಎಂಬುದನ್ನು ಹೇಳುವವರು ಕಡಿಮೆ.

ಪೆರ್ರಿ ಬ್ಯಾಂಕ್ ಗುಮಾಸ್ತನಾಗಿದ್ದ ಹುಡುಗ. 1976ರ ಜುಲೈನಲ್ಲಿ ‘ಸ್ನಿಫಿನ್ ಗ್ಲೂ’ ಎಂಬ ಪತ್ರಿಕೆ ಶುರುಮಾಡಿದ. ಟೈಪ್ ಮಾಡಿದ ಹಾಳೆ, ದಪ್ಪ ಪೆನ್ನಿನಲ್ಲಿ ಕೈಯಾರೆ ಬರೆದ ತಲೆಬರಹ, ತಿದ್ದದೆ ಬಿಟ್ಟ ಕಾಗುಣಿತ, ಮೂಲೆಗೊಂದು ಪಿನ್ನು. ನಮ್ಮ ಕಿರುಪತ್ರಿಕೆಗಳನ್ನು ಕಂಡವರಿಗೆ ಇದರ ಚಹರೆ ಹೊಸದಲ್ಲ. ದೊಡ್ಡ ಸಂಗೀತ ಪತ್ರಿಕೆಗಳು ಮೂಗು ಮುರಿಯುತ್ತಿದ್ದ ಕಾಲದಲ್ಲಿ ಪಂಕ್ ತಂಡಗಳ ಬಗ್ಗೆ ಒಳಗಿನವನಾಗಿ ಬರೆದವನು ಅವನು. ಏಳು ತಿಂಗಳ ಅಭಿಮಾನಿಯನ್ನು ಹಳೆಯ ಅಭಿಮಾನಿ ಎನ್ನಬಹುದೇ? ಆ ಲೋಕದ ಲೆಕ್ಕದಲ್ಲಿ ಎನ್ನಲೇಬೇಕು. ಅವನಿಗಿಂತ ಹಳಬರು ಬೆರಳೆಣಿಕೆಯಷ್ಟು.

ಸೆಕ್ಸ್ ಪಿಸ್ಟಲ್ಸ್ ತಂಡ ಇಎಂಐ ಕಂಪನಿ ಸೇರಿ ಆಗಲೇ ಹೊರಬಿದ್ದಿತ್ತು. ಅದು ಯಾರಿಗೂ ಇಷ್ಟು ನೋವು ಮಾಡಲಿಲ್ಲ. ಪಿಸ್ಟಲ್ಸ್‌ನದು ಕೀಟಲೆ ಎಂದು ಎಲ್ಲರಿಗೂ ಗೊತ್ತಿತ್ತು. ಕ್ಲ್ಯಾಶ್ ಹಾಡುತ್ತಿದ್ದದ್ದು ಕೆಲಸವಿಲ್ಲದ ಹುಡುಗರನ್ನು, ಪೊಲೀಸರನ್ನು, ಬೇಸರದ ಬೀದಿಗಳನ್ನು. ಕೇಳುವವರು ಇವರು ನಮ್ಮವರು ಎಂದುಕೊಂಡಿದ್ದರು. ನಮ್ಮವರು ಎಂದುಕೊಂಡವರ ಮೇಲಿನ ಸಿಟ್ಟೇ ಬೇರೆ.

ಬೇರೆ ದಾರಿ ಇರಲಿಲ್ಲವೇ? ಇತ್ತು, ಅದೂ ಅದೇ ವಾರ. ಜನವರಿ 29ರಂದು ಮ್ಯಾಂಚೆಸ್ಟರಿನ ಬಜ್‌ಕಾಕ್ಸ್ ತಂಡ ‘ಸ್ಪೈರಲ್ ಸ್ಕ್ರಾಚ್’ ಎಂಬ ನಾಲ್ಕು ಹಾಡಿನ ರೆಕಾರ್ಡನ್ನು ತಾನೇ ಹೊರತಂದಿತು. ನಂಟರು ಸ್ನೇಹಿತರಿಂದ ತಂದ 500 ಪೌಂಡು ಸಾಲ, 1,000 ಪ್ರತಿ. ಅವು ಬೇಗ ಖಾಲಿಯಾಗಿ, ಮರುಮುದ್ರಣಗಳೆಲ್ಲ ಸೇರಿ 16,000ದವರೆಗೆ ಮಾರಿಹೋದವು. ಒಂದು ಕಡೆ ಲಕ್ಷ, ಇನ್ನೊಂದು ಕಡೆ ಐನೂರು. ನಡುವೆ ನಾಲ್ಕು ದಿನ. ಆದರೆ ಬಜ್‌ಕಾಕ್ಸ್ ಕೂಡ ಅದೇ ಆಗಸ್ಟಿನಲ್ಲಿ ಯುನೈಟೆಡ್ ಆರ್ಟಿಸ್ಟ್ಸ್ ಎಂಬ ದೊಡ್ಡ ಕಂಪನಿ ಸೇರಿತು.

ಏಪ್ರಿಲಿನಲ್ಲಿ ಕ್ಲ್ಯಾಶ್‌ನ ಮೊದಲ ಆಲ್ಬಮ್ ಬಂತು. ಪಂಕ್ ಸತ್ತಿತು ಎಂದಿದ್ದ ಪೆರ್ರಿ ಅದನ್ನು ಕೇಳಿ ತನ್ನ ಪತ್ರಿಕೆಯಲ್ಲಿ ಮನಸಾರೆ ಹೊಗಳಿದ. ಅದುವರೆಗೆ ಬಂದ ಆಲ್ಬಮ್‌ಗಳಲ್ಲೆಲ್ಲ ಅದೇ ಮುಖ್ಯವಾದದ್ದು, ತನ್ನ ಬದುಕೇ ಅದರಲ್ಲಿ ಕಾಣುತ್ತದೆ ಎಂಬ ಅರ್ಥದಲ್ಲಿ ಬರೆದ. ಇದನ್ನು ಚಂಚಲತೆ ಎಂದು ನಗುವುದು ಸುಲಭ. ಅವನ ತಕರಾರು ಹಾಡಿನ ಮೇಲೆ ಇರಲಿಲ್ಲ, ಹಾಡಿನ ಯಜಮಾನಿಕೆಯ ಮೇಲೆ ಇತ್ತು ಎಂದು ನೋಡಿದರೆ ಎರಡು ಮಾತೂ ಒಟ್ಟಿಗೆ ನಿಲ್ಲುತ್ತವೆ.

ಯಜಮಾನಿಕೆಯ ವಿಷಯದಲ್ಲಿ ಅವನೇ ಸರಿ ಎಂದು ಮೇ ತಿಂಗಳಲ್ಲೇ ತೋರಿತು. ಸಿಬಿಎಸ್ ತಂಡವನ್ನು ಒಂದು ಮಾತೂ ಕೇಳದೆ ‘ರಿಮೋಟ್ ಕಂಟ್ರೋಲ್’ ಹಾಡನ್ನು ಸಿಂಗಲ್ ಆಗಿ ಬಿಡುಗಡೆ ಮಾಡಿತು. ಸಿಟ್ಟಿಗೆದ್ದ ತಂಡ ‘ಕಂಪ್ಲೀಟ್ ಕಂಟ್ರೋಲ್’ ಎಂಬ ಹಾಡು ಕಟ್ಟಿ ಕಂಪನಿಯನ್ನೇ ಬೈದಿತು. ಸೆಪ್ಟೆಂಬರಿನಲ್ಲಿ ಆ ಬೈಗುಳವನ್ನೂ ಅಚ್ಚುಹಾಕಿ ಮಾರಿದ್ದು ಸಿಬಿಎಸ್ಸೇ. ಮುಂಗಡವೆಂದರೆ ಬಹುಮಾನವಲ್ಲ, ರಾಯಲ್ಟಿಯಲ್ಲಿ ಮುರಿದುಕೊಳ್ಳುವ ಸಾಲ. ಹಾಗೆ ಸಾಲ ಕೊಟ್ಟವನಿಗೆ ಬೈಗುಳದಿಂದ ನಷ್ಟವೇನಿಲ್ಲ.

ಪೆರ್ರಿ ಕಾಣದ ಮಗ್ಗುಲೊಂದಿತ್ತು. ಅವನು ಲಂಡನ್ನಿನವನು, ಸಂಜೆ ಹೊರಟರೆ ತಂಡವನ್ನು ಎದುರಿಗೇ ನೋಡಬಹುದಿತ್ತು. ದೂರದ ಊರಿನ ಹುಡುಗರಿಗೆ ರೆಕಾರ್ಡ್ ಅಂಗಡಿಯೇ ಗತಿ, ಅಂಗಡಿಗೆ ಸರಕು ತಲುಪಿಸುವ ಬಲ ಸಿಬಿಎಸ್‌ನಂಥವರಿಗೇ ಇದ್ದದ್ದು. ಬೆಲ್‌ಫಾಸ್ಟಿನಲ್ಲಿ ಬೇರೆಯವರ ಹಾಡುಗಳನ್ನು ನುಡಿಸಿಕೊಂಡಿದ್ದ ಹುಡುಗರ ಗುಂಪೊಂದು ಕ್ಲ್ಯಾಶ್‌ನಿಂದ ಸ್ಫೂರ್ತಿ ಪಡೆದು ತಮ್ಮ ಊರಿನ ಹಿಂಸೆಯ ಬಗ್ಗೆ ಹಾಡತೊಡಗಿತು. ಅದೇ ಸ್ಟಿಫ್ ಲಿಟಲ್ ಫಿಂಗರ್ಸ್. 1978ರಲ್ಲಿ ಆ ಗುಂಪು ತನ್ನ ಮೊದಲ ರೆಕಾರ್ಡನ್ನು ಯಾವ ದೊಡ್ಡ ಕಂಪನಿಯ ಹಂಗೂ ಇಲ್ಲದೆ ತಾನೇ ಹೊರತಂದಿತು.

ಕ್ಲ್ಯಾಶ್ ಕರಾರಿನೊಳಗೇ ಜಗ್ಗಾಡಿತು. 1979ರ ಡಿಸೆಂಬರಿನಲ್ಲಿ ಬಂದ ‘ಲಂಡನ್ ಕಾಲಿಂಗ್’ ಎರಡು ತಟ್ಟೆಯ ಆಲ್ಬಮ್, ಬೆಲೆ ಮಾತ್ರ ಒಂದರದ್ದು. ಆಲ್ಬಮ್ ಜೊತೆ ಉಚಿತ ಸಿಂಗಲ್ ಕೊಡೋಣ ಎಂದು ಕಂಪನಿಯನ್ನು ಒಪ್ಪಿಸಿ, ಆ ಸಿಂಗಲ್ ಅನ್ನೇ ಇಡೀ ತಟ್ಟೆಯಾಗಿಸಿದ ಜಾಣತನ ಅದು. ಮರುವರ್ಷದ ‘ಸ್ಯಾಂಡಿನಿಸ್ಟಾ!’ ಮೂರು ತಟ್ಟೆ, 36 ಹಾಡು, 5.99 ಪೌಂಡು. ಆ ಬೆಲೆಗಾಗಿ ಬ್ರಿಟನ್ನಿನ ಮೊದಲ 2 ಲಕ್ಷ ಪ್ರತಿಗಳ ರಾಯಲ್ಟಿಯನ್ನು ತಂಡ ಬಿಟ್ಟುಕೊಟ್ಟಿತು. ಅಭಿಮಾನಿಯ ಜೇಬು ಉಳಿಸಲು ತಮ್ಮದೇ ಜೇಬು ಕತ್ತರಿಸಿಕೊಂಡವರನ್ನು ಮಾರಿಕೊಂಡವರು ಎನ್ನಲು ನಾಲಿಗೆ ಹೊರಳದು. 1982ರಲ್ಲಿ ನ್ಯೂಯಾರ್ಕಿನ ಶೇ ಕ್ರೀಡಾಂಗಣದಲ್ಲಿ ದ ಹೂ ತಂಡಕ್ಕೆ ಮುಂಚೆ ನಿಂತು ಹಾಡಿದವರೂ ಅವರೇ.

ಪೆರ್ರಿ ಅಷ್ಟರಲ್ಲಿ ದೂರ ಸರಿದಿದ್ದ. ಕೆಲವೇ ಹತ್ತು ಪ್ರತಿಗಳಿಂದ ಶುರುವಾದ ‘ಸ್ನಿಫಿನ್ ಗ್ಲೂ’ ಹತ್ತು ಸಾವಿರ ದಾಟಿತ್ತು. ಅದೂ ದೊಡ್ಡದಾಗುತ್ತಿದೆ ಎಂದು ಕಂಡಾಗ, 1977ರಲ್ಲೇ, ಓದುಗರಿಗೆ ನಿಮ್ಮ ನಿಮ್ಮ ಪತ್ರಿಕೆ ನೀವೇ ಮಾಡಿಕೊಳ್ಳಿ ಎಂದು ಹೇಳಿ ನಿಲ್ಲಿಸಿದ. ಆಲ್ಟರ್ನೇಟಿವ್ ಟಿವಿ ಎಂಬ ತನ್ನದೇ ತಂಡ ಕಟ್ಟಿದ.

ಕ್ಲ್ಯಾಶ್ 1986ರಲ್ಲಿ ಮುಗಿಯಿತು. ಐದು ವರ್ಷದ ಮೇಲೆ ಲೀವೈಸ್ ಜೀನ್ಸ್ ಜಾಹೀರಾತಿನಲ್ಲಿ ಅವರ ಹಳೆಯ ಹಾಡೊಂದು ಕೇಳಿಬಂತು. ಕೂಡಲೇ ಅದನ್ನು ಮರುಬಿಡುಗಡೆ ಮಾಡಲಾಯಿತು. ಬ್ರಿಟನ್ನಿನ ಪಟ್ಟಿಯಲ್ಲಿ ಆ ತಂಡಕ್ಕೆ ಸಿಕ್ಕ ಏಕೈಕ ಒಂದನೇ ಸ್ಥಾನ ಅದು.